ತಲೆ ಕೊಟ್ಟ ಬೀದರಿನವ

ಗುರುದ್ವಾರಗಳಲ್ಲಿ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಕೂತವರೆಲ್ಲ ಎದ್ದು ನಿಲ್ಲುತ್ತಾರೆ. ತಲೆಯ ಮೇಲೆ ಬಟ್ಟೆ, ಮುಗಿದ ಕೈ. ಒಬ್ಬರು ಮುಂದೆ ನಿಂತು ಅರದಾಸ್ ಎಂಬ ಬಿನ್ನಹ ಹೇಳುತ್ತಾರೆ, ಉಳಿದವರು 'ವಾಹೆಗುರು' ಎಂದು ದನಿಗೂಡಿಸುತ್ತಾರೆ. ಹತ್ತು ಗುರುಗಳನ್ನೂ ಗ್ರಂಥ ಸಾಹಿಬವನ್ನೂ ನೆನೆದ ಮೇಲೆ ಬರುವವರು 'ಪಂಜ್ ಪ್ಯಾರೇ', ಅಂದರೆ ಹತ್ತನೆಯ ಗುರು ಗೋವಿಂದ ಸಿಂಗರಿಗೆ ಪ್ರಿಯರಾದ ಐವರು. ಅವರ ನಂತರ ಗುರುವಿನ ನಾಲ್ವರು ಮಕ್ಕಳು, ಆಮೇಲೆ ನಲವತ್ತು ಮಂದಿ ಮುಕ್ತರು. ಅಮೃತಸರದಲ್ಲಾಗಲಿ, ಲಂಡನ್ನಿನಲ್ಲಾಗಲಿ, ಕೆನಡಾದ ಯಾವುದೋ ಊರಿನಲ್ಲಾಗಲಿ ಈ ಕ್ರಮ ತಪ್ಪುವುದಿಲ್ಲ. ಹೀಗೆ ದಿನವೂ ಲಕ್ಷಾಂತರ ಜನ ಕೈಮುಗಿದು ನೆನೆಯುವ ಆ ಐವರಲ್ಲಿ ಒಬ್ಬರು ನಮ್ಮ ಬೀದರಿನವರು. ಒಬ್ಬ ಕ್ಷೌರಿಕನ ಮಗ. ಹೆಸರು ಸಾಹಿಬ್ ಚಂದ್. ಮುಂದೆ ಭಾಯಿ ಸಾಹಿಬ್ ಸಿಂಗ್.

ಹಟ್ಟಿಯಂಥ ಊರಿನಲ್ಲಿ ಕೂತು ಈ ಕತೆ ಹೇಳಬೇಕು ಅನ್ನಿಸಲು ಕಾರಣವಿದೆ. ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಇವೆಲ್ಲ ಬೀದರಿನೊಂದಿಗೆ ಒಂದೇ ನಿಜಾಮನ ಆಳ್ವಿಕೆ ಕಂಡ ನೆಲ. 1948ರ ಸೆಪ್ಟೆಂಬರಿನಲ್ಲಿ ಒಟ್ಟಿಗೇ ಭಾರತಕ್ಕೆ ಸೇರಿದವು, 1956ರಲ್ಲಿ ಒಟ್ಟಿಗೇ ಕನ್ನಡ ನಾಡಿನೊಳಗೆ ಬಂದವು. ನಮ್ಮ ಬರಗಾಲಗಳೂ ಒಂದೇ, ಜೋಳದ ರೊಟ್ಟಿಯೂ ಒಂದೇ. ಆದರೂ ಸಾಹಿಬ್ ಸಿಂಗ್ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಪಂಜಾಬಿನ ಮಗುವಿಗೆ ಬೀದರ್ ಗೊತ್ತು, ಬೀದರಿನ ಪಕ್ಕದ ನಮಗೆ ಆ ಬೀದರಿನವನು ಗೊತ್ತಿಲ್ಲ.

ನೀರಿನ ಊರು

ಸಾಹಿಬ್ ಚಂದ್ ಹುಟ್ಟಿದ್ದು 1663ರ ಸುಮಾರಿಗೆ. ತಂದೆ ಗುರು ನಾರಾಯಣ, ತಾಯಿ ಅಂಕಮ್ಮ ಎಂದು ಪರಂಪರೆಯ ಬರಹಗಳು ಹೇಳುತ್ತವೆ. ಅಂಕಮ್ಮ ಎಂಬ ಹೆಸರು ಕೇಳಿದ ಕೂಡಲೇ ಅದು ನಮ್ಮ ಸೀಮೆಯದೇ ಎಂದು ಯಾರಿಗೂ ತಿಳಿಯುತ್ತದೆ. ಆಗ ಬೀದರ್ ಸೋತ ಊರು. 1657ರಲ್ಲಿ ರಾಜಕುಮಾರ ಔರಂಗಜೇಬನ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತ್ತು. ಕೋಟೆ ಕಾಯುತ್ತಿದ್ದ ಮುದುಕ ಸಿದ್ದಿ ಮರ್ಜಾನ್ ಮದ್ದಿನ ಸಿಡಿತಕ್ಕೆ ಸಿಕ್ಕಿ ಸತ್ತ. ಬಿಜಾಪುರದ ಕೈಯಲ್ಲಿದ್ದ ಊರು ಮೊಗಲರ ಪಾಲಾಯಿತು, ಅದಕ್ಕೆ ಜಫರಾಬಾದ್ ಎಂಬ ಹೊಸ ಹೆಸರೂ ಬಂತು. ಮುತ್ತಿಗೆ ಮುಗಿದ ಕೆಲವೇ ವರ್ಷಕ್ಕೆ, ಸಿಪಾಯಿಗಳೂ ವ್ಯಾಪಾರಿಗಳೂ ಫಕೀರರೂ ಉತ್ತರ ದಕ್ಷಿಣಕ್ಕೆ ಓಡಾಡುವ ದಾರಿಯ ಬಾಯಲ್ಲಿ ಈ ಹುಡುಗ ಬೆಳೆದ.

ಬೀದರಿನ ನೆಲದ ಗುಣವೇ ಬೇರೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು, ಕೆಳಗೆ ಗಟ್ಟಿ ಕರಿಕಲ್ಲು. ಮಳೆಯ ನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು ಕರಿಕಲ್ಲಿಗೆ ತಾಗಿ, ಮುಂದೆ ಇಳಿಯಲು ದಾರಿಯಿಲ್ಲದೆ ಅಡ್ಡ ಹರಿಯುತ್ತದೆ. ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ಬಹಮನಿಗಳ ಕಾಲದವರು ಈ ಗುಟ್ಟು ತಿಳಿದೇ ನೌಬಾದಿನಲ್ಲಿ ನೆಲದಡಿ ಕಾಲುವೆ ಕೊರೆದು, ನಡುನಡುವೆ ಬಾವಿಗಳನ್ನು ತೆಗೆದು ನೀರು ತಂದರು. ಅದನ್ನು ಕರೇಜ್ ಎನ್ನುತ್ತಾರೆ. ಅದೇ ಊರಿನಲ್ಲಿ ನರಸಿಂಹ ಝರಣಿ ಇದೆ. ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ನಡೆದು ದೇವರ ದರ್ಶನ ಮಾಡಬೇಕು. ಪಾಪನಾಶವಿದೆ. ನಾನಕ್ ಝೀರಾ ಇದೆ. ಝರಣಿ, ಝರಿ, ಝೀರಾ ಮೂರೂ ಒಂದೇ ಮಾತಿನ ಕವಲುಗಳು, ನೀರೂ ಒಂದೇ ಕಲ್ಲಿನೊಳಗಿನದು.

ನಾನಕ್ ಝೀರಾದ ಕತೆ ಹೀಗಿದೆ. ಗುರು ನಾನಕರು ದಕ್ಷಿಣಕ್ಕೆ ಕೈಗೊಂಡ ಯಾತ್ರೆಯಲ್ಲಿ, 1510ರಿಂದ 1514ರ ನಡುವೆ, ನಾಂದೇಡ ಗೋಲ್ಕೊಂಡಗಳ ದಾರಿಯಲ್ಲಿ ಬೀದರಿಗೆ ಬಂದರು. ಊರ ಹೊರಗೆ ಮುಸ್ಲಿಂ ಫಕೀರರ ಗುಡಿಸಲುಗಳ ಬಳಿ ಇಳಿದರು. ಪೀರ್ ಜಲಾಲುದ್ದೀನ್, ಪೀರ್ ಯಾಕೂಬ್ ಅಲಿ ಎಂಬ ಹೆಸರುಗಳನ್ನು ಪರಂಪರೆ ಉಳಿಸಿಕೊಂಡಿದೆ. ಅಲ್ಲಿನ ಬಾವಿಗಳಲ್ಲಿ ನೀರಿಲ್ಲ, ಇದ್ದರೂ ಉಪ್ಪು. ಜನ ಕಷ್ಟ ಹೇಳಿಕೊಂಡರು. ನಾನಕರು ದೇವರ ಹೆಸರು ಹೇಳಿ ಪಾದುಕೆಯ ತುದಿಯಿಂದ ಕಲ್ಲೊಂದನ್ನು ಸರಿಸಿದರು, ಸಿಹಿನೀರು ಚಿಮ್ಮಿತು. ನಂಬಿಕೆಯವರಿಗೆ ಅದು ಪವಾಡ. ಕಲ್ಲಿನ ಗುಣ ಬಲ್ಲವರಿಗೆ, ನೀರು ಎಲ್ಲಿ ಕಾದಿದೆ ಎಂದು ಕಂಡುಕೊಂಡ ಕಣ್ಣು. ಯಾವ ರೀತಿ ಓದಿದರೂ ಒಂದು ಮಾತು ಉಳಿಯುತ್ತದೆ: ಬಾಯಾರಿದವರು ಮುಸ್ಲಿಂ ಫಕೀರರು, ನೀರು ಕೊಟ್ಟವರು ನಾನಕರು. ಕುಡಿಯುವ ಮುನ್ನ ನೀವು ಯಾರು ಎಂದು ಅವರೂ ಕೇಳಲಿಲ್ಲ, ಇವರೂ ಕೇಳಲಿಲ್ಲ.

ಬೀದರಿನ ಬದುಕಿಗೆ ಇದು ಹೊಸದಾಗಿರಲಿಲ್ಲ. ಹತ್ತಿರದ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಬಹಮನಿ ಸುಲ್ತಾನ ಅಹಮದ್ ಶಾ ವಲಿಯ ಗೋರಿ ಇದೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತರಿಗೆ ಅಲ್ಲಮಪ್ರಭುವಿನ ಅಂಶ. ಅಲ್ಲಿನ ಉರುಸು ಹೋಳಿ ಹುಣ್ಣಿಮೆಯ ಲೆಕ್ಕದಲ್ಲಿ ನಡೆಯುತ್ತದೆ, ಅದಕ್ಕೆ ಜಂಗಮರು ಬರುತ್ತಾರೆ.

ಮೂವರು ಕ್ಷೌರಿಕರು

ಸಾಹಿಬ್ ಚಂದ್ ಹುಟ್ಟಿದ ಕುಲದ ಬಗ್ಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಅವನ ಬದುಕಿನ ತಿರುಳು ಅಲ್ಲಿದೆ. ಊರಿನ ಎಲ್ಲರ ತಲೆಯೂ ಕ್ಷೌರಿಕನ ಕೈಗೆ ಬರುತ್ತದೆ. ಅರಸನೂ ಅವನ ಮುಂದೆ ತಲೆ ತಗ್ಗಿಸಬೇಕು, ಗೌಡನೂ ಕತ್ತು ಒಡ್ಡಬೇಕು. ಮಗುವಿನ ಚವಲದಿಂದ ಸತ್ತವರ ಮಕ್ಕಳ ಕೇಶಮುಂಡನದವರೆಗೆ ಅವನಿಲ್ಲದೆ ಒಂದೂ ನಡೆಯದು. ಅಂಥವನು ಬೆಳಿಗ್ಗೆ ಎದುರಾದರೆ ಅಪಶಕುನ ಎಂದವರು ನಾವು. ಅವನ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡವರು ನಾವು.

ಬೀದರ್ ಸೀಮೆ ಈ ಅವಮಾನಕ್ಕೆ ಮೊದಲೇ ಉತ್ತರ ಕೊಟ್ಟಿತ್ತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ಬಸವಣ್ಣನವರ ಬಲಗೈಯಂತೆ ಇದ್ದವರು ಹಡಪದ ಅಪ್ಪಣ್ಣ. ಕ್ಷೌರದ ಕಸುಬಿನ ಸಮುದಾಯ ಇಂದಿಗೂ ತನ್ನ ಹಿರಿಯನೆಂದು ಅವರನ್ನು ಪೂಜಿಸುತ್ತದೆ. ಅವರೂ ಅವರ ಹೆಂಡತಿ ಲಿಂಗಮ್ಮನವರೂ ವಚನ ಬರೆದವರು. ಬಸವಣ್ಣನವರನ್ನು ಕಾಣಬೇಕಾದರೆ ಮೊದಲು ಅಪ್ಪಣ್ಣನವರನ್ನು ಕಾಣಬೇಕಿತ್ತು.

ಎರಡನೆಯವರು ಸೇನಾ, ಮರಾಠಿಗರ ಸೇನಾ ನ್ಹಾವಿ, ಪಂಜಾಬಿಗರ ಭಗತ್ ಸೈಣ್. ಅವರು ಉತ್ತರದ ರೀವಾದ ಕಡೆಯವರು ಎಂದು ಒಂದು ಪರಂಪರೆ ಹೇಳಿದರೆ, ಬೀದರಿನ ಅರಸನ ಕ್ಷೌರಿಕರಾಗಿದ್ದರು ಎಂದು ಇನ್ನೊಂದು ಪರಂಪರೆ ಹೇಳುತ್ತದೆ. 1604ರಲ್ಲಿ ಗುರು ಅರ್ಜುನ ದೇವರು ಆದಿಗ್ರಂಥ ಕಟ್ಟಿದಾಗ ಅದರಲ್ಲಿ ಗುರುಗಳ ಪದಗಳ ಜೊತೆಗೆ ನೇಕಾರ ಕಬೀರ, ಚಮ್ಮಾರ ರವಿದಾಸ, ಸಿಂಪಿಗ ನಾಮದೇವ, ಸೂಫಿ ಫರೀದರ ಪದಗಳನ್ನೂ ಸೇರಿಸಿದರು. ಸೈಣರ ಒಂದು ಪದವೂ ಅಲ್ಲಿದೆ. ಒಂದೇ ಒಂದು. ಆದರೆ ಗ್ರಂಥಕ್ಕೆ ನಮಸ್ಕರಿಸುವ ಪ್ರತಿಯೊಬ್ಬ ಸಿಖ್ಖನೂ ಆ ಕ್ಷೌರಿಕನ ಮಾತಿಗೂ ಹಣೆ ಮುಟ್ಟಿಸುತ್ತಾನೆ.

ಮೂರನೆಯವರು ನಮ್ಮ ಸಾಹಿಬ್ ಚಂದ್. ಈ ಮೂವರ ನಡುವೆ ಗುರುಶಿಷ್ಯ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ. ಒಂದೇ ಗಾಯ ಇರುವ ಕಡೆ ಒಂದೇ ಮದ್ದು ಮತ್ತೆ ಮತ್ತೆ ಹುಟ್ಟುತ್ತದೆ, ಅಷ್ಟೇ.

ಎತ್ತಿನ ಹೆಜ್ಜೆಯ ದಾರಿ

ಬೀದರಿನಿಂದ ಪಂಜಾಬಿಗೆ ಆ ಕಾಲದಲ್ಲಿ ತಿಂಗಳುಗಟ್ಟಲೆ ದಾರಿ. ಆ ದಾರಿ ಬಲ್ಲವರು ಲಂಬಾಣಿಗರು. ಇಂದು ಲಿಂಗಸುಗೂರು ತಾಲೂಕಿನ ತಾಂಡಾಗಳಲ್ಲಿ ನೆಲೆಸಿ, ದೂರದ ಊರುಗಳಿಗೆ ಗುಳೆ ಹೋಗುವ ಈ ಜನರ ಪೂರ್ವಜರು ಸಾವಿರಾರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದಿಲ್ಲಿಯಿಂದ ದಖನಿನವರೆಗೆ ನಡೆದವರು. ಮೊಗಲ್ ಸೈನ್ಯದ ಅನ್ನ ಅವರ ಎತ್ತುಗಳ ಮೇಲೆ ಬರುತ್ತಿತ್ತು.

1675ರ ನವೆಂಬರಿನಲ್ಲಿ ದಿಲ್ಲಿಯ ಚಾಂದನಿ ಚೌಕದಲ್ಲಿ ಒಂಬತ್ತನೆಯ ಗುರು ತೇಗ್ ಬಹಾದೂರರ ತಲೆ ಕಡಿಯಲಾಯಿತು. ಒತ್ತಾಯದ ಮತಾಂತರಕ್ಕೆ ಹೆದರಿ ಬಂದ ಕಾಶ್ಮೀರದ ಪಂಡಿತರ ಪರವಾಗಿ ನಿಂತದ್ದಕ್ಕೆ ಅವರಿಗೆ ಈ ಗತಿ ಬಂತು ಎಂದು ಸಿಖ್ ಪರಂಪರೆ ನೆನೆಯುತ್ತದೆ. ಜನಿವಾರವನ್ನು ಸ್ವತಃ ನಾನಕರೇ ಬೇಡವೆಂದಿದ್ದರು. ಆದರೂ ಬೇರೊಬ್ಬರು ತಮ್ಮ ಇಷ್ಟದಿಂದ ಜನಿವಾರ ಹಾಕಿಕೊಳ್ಳುವ ಹಕ್ಕಿಗಾಗಿ ನಾನಕರ ಪೀಠದಲ್ಲಿ ಕೂತವರು ತಲೆ ಕೊಟ್ಟರು. ಧರ್ಮಗಳ ನಡುವಿನ ಸೌಹಾರ್ದ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಬೆಲೆ ತೆತ್ತವರು ಚರಿತ್ರೆಯಲ್ಲಿ ವಿರಳ.

ಅವರ ದೇಹವನ್ನು ಯಾರೂ ಮುಟ್ಟಬಾರದೆಂದು ಅಪ್ಪಣೆಯಾಗಿತ್ತು. ಅದನ್ನು ಕದ್ದು ಗಾಡಿಯಲ್ಲಿ ಹಾಕಿಕೊಂಡು ಹೋದವನು ಲಖಿ ಶಾ ಬಂಜಾರ, ಇದೇ ಲಂಬಾಣಿಗರ ಕುಲದವನು. ಚಿತೆ ಹೊತ್ತಿಸಿದರೆ ಸಿಕ್ಕಿಬೀಳುತ್ತೇನೆಂದು ದೇಹವನ್ನು ಮನೆಯೊಳಗಿಟ್ಟು ತನ್ನ ಮನೆಗೇ ಬೆಂಕಿ ಇಟ್ಟ. ಆ ಜಾಗದಲ್ಲಿ ಇಂದು ದಿಲ್ಲಿಯ ರಕಾಬ್ ಗಂಜ್ ಗುರುದ್ವಾರ ನಿಂತಿದೆ, ಸಂಸತ್ ಭವನದ ಎದುರಿಗೆ. ನಮ್ಮ ತಾಂಡಾಗಳ ಮಕ್ಕಳಿಗೆ ತಮ್ಮವನೊಬ್ಬ ಮಾಡಿದ ಈ ಕೆಲಸದ ಕತೆಯನ್ನು ಯಾರಾದರೂ ಹೇಳಬೇಕು.

ತಂದೆಯ ತಲೆ ಉರುಳಿದಾಗ ಗುರು ಗೋವಿಂದರಿಗೆ ಒಂಬತ್ತೇ ವರ್ಷ. ಅವರು ಶಿವಾಲಿಕ ಬೆಟ್ಟದ ಅಡಿಯ ಆನಂದಪುರದಲ್ಲಿ ಬೆಳೆದರು. ಸಾಹಿಬ್ ಚಂದ್ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲಿ ಅಲ್ಲಿಗೆ ಹೋಗಿ ಸೇರಿದ ಎನ್ನುತ್ತಾರೆ. ಅವನನ್ನು ಎಳೆದದ್ದು ಏನು? ನಾನಕರು ಬಂದುಹೋದ ಝರಿಯ ನೆನಪು ಊರಲ್ಲಿತ್ತು. ಕುಲ ಕೇಳದೆ ಒಂದೇ ಸಾಲಿನಲ್ಲಿ ಕೂರಿಸಿ ಉಣಿಸುವ ಲಂಗರಿನ ಸುದ್ದಿ ಯಾತ್ರಿಕರ ಬಾಯಲ್ಲಿ ಬರುತ್ತಿದ್ದಿರಬೇಕು. ಪರರ ಹಕ್ಕಿಗಾಗಿ ಗುರು ತಲೆ ಕೊಟ್ಟ ಸುದ್ದಿಯೂ ಅದೇ ದಾರಿಯಲ್ಲಿ ಬಂದಿರಬೇಕು. ಹುಟ್ಟಿದಂದಿನಿಂದ ತಲೆಗಳ ಸೇವೆಗೇ ನೇಮಕವಾದ ಹುಡುಗನಿಗೆ ಅದು ಬೇರೆ ಬಗೆಯಲ್ಲಿ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಕಬ್ಬಿಣದ ಬಟ್ಟಲಲ್ಲಿ ಬತ್ತಾಸು

1699ರ ವೈಶಾಖಿ. ಹಳೆಯ ಪಂಚಾಂಗದ ಲೆಕ್ಕದಲ್ಲಿ ಮಾರ್ಚ್ 30. ಸುಗ್ಗಿಯ ಹಬ್ಬಕ್ಕೆ ಆನಂದಪುರದಲ್ಲಿ ಜನ ಕಿಕ್ಕಿರಿದಿದ್ದರು. ಗುರು ಗೋವಿಂದರು ಡೇರೆಯಿಂದ ಹೊರಬಂದು ಕತ್ತಿ ಹಿರಿದು, ಗುರುವಿಗಾಗಿ ತಲೆ ಕೊಡುವವರು ಯಾರಿದ್ದೀರಿ ಎಂದು ಕೇಳಿದರು. ಸಭೆ ಸ್ತಬ್ಧವಾಯಿತು. ಲಾಹೋರಿನ ಖತ್ರಿ ದಯಾ ರಾಮ್ ಎದ್ದ. ಗುರು ಅವನನ್ನು ಒಳಗೆ ಕರೆದೊಯ್ದು ರಕ್ತ ಹತ್ತಿದ ಕತ್ತಿಯೊಂದಿಗೆ ಮರಳಿ, ಇನ್ನೊಂದು ತಲೆ ಬೇಕೆಂದರು. ಹಸ್ತಿನಾಪುರದ ಜಾಟ ಧರಂ ದಾಸ್ ಎದ್ದ. ಕೆಲವರು ಮೆಲ್ಲನೆ ಜಾಗ ಖಾಲಿ ಮಾಡತೊಡಗಿದರು. ಪುರಿಯ ಕಡೆಯ ನೀರು ಹೊರುವ ಹಿಮ್ಮತ್, ದ್ವಾರಕೆಯ ಬಟ್ಟೆಗೆ ಅಚ್ಚು ಹಾಕುವ ಮೊಹಕಂ ಚಂದ್ ಎದ್ದರು. ಪರಂಪರೆ ಹೇಳುವ ಕ್ರಮದಲ್ಲಿ ಐದನೆಯ ಕರೆಗೆ ಎದ್ದವನು ಬೀದರಿನ ಸಾಹಿಬ್ ಚಂದ್.

ಹೊತ್ತು ಕಳೆದ ಮೇಲೆ ಐವರೂ ಹೊಸ ಉಡುಪಿನಲ್ಲಿ ಜೀವಂತವಾಗಿ ಹೊರಬಂದರು. ಉತ್ತರದ ಲಾಹೋರ್, ನಡುವಿನ ಹಸ್ತಿನಾಪುರ, ಪೂರ್ವದ ಪುರಿ, ಪಶ್ಚಿಮದ ದ್ವಾರಕೆ, ದಕ್ಷಿಣದ ಬೀದರ್. ಒಬ್ಬ ವ್ಯಾಪಾರಿ ಕುಲದವನು, ಒಬ್ಬ ರೈತ, ಮೂವರು ಊರಿನ ಕೆಳಗಿನ ಕಸುಬುಗಳವರು. ಇಡೀ ದೇಶ ಒಂದು ಡೇರೆಯ ಬಾಗಿಲಲ್ಲಿ ನಿಂತಿತ್ತು.

ಗುರು ಕಬ್ಬಿಣದ ಬಟ್ಟಲಿಗೆ ನೀರು ಹಾಕಿ, ಪದಗಳನ್ನು ಹೇಳುತ್ತ ಇಬ್ಬಾಯಿ ಕತ್ತಿಯಿಂದ ಕಲಕಿದರು. ಅವರ ಪತ್ನಿ ಮಾತಾ ಜೀತೋ ಅದಕ್ಕೆ ಬತ್ತಾಸು ಹಾಕಿದರೆಂದು ಪ್ರತೀತಿ. ನಮ್ಮ ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಅದೇ ಸಕ್ಕರೆಯ ಬತ್ತಾಸು. ಕತ್ತಿಯ ಗಟ್ಟಿತನದೊಳಗೆ ಸಿಹಿ ಕರಗಲಿ ಎಂದು. ಅಮೃತವೆನಿಸಿದ ಆ ನೀರನ್ನು ಐವರೂ ಒಂದೇ ಬಟ್ಟಲಿಗೆ ಬಾಯಿ ಹಚ್ಚಿ ಕುಡಿದರು. ಎಂಜಲಿನ ಮಡಿಯ ಮೇಲೆ ನಿಂತಿದ್ದ ಸಮಾಜದಲ್ಲಿ ಖತ್ರಿಯೂ ನೀರು ಹೊರುವವನೂ ಕ್ಷೌರಿಕನೂ ಒಬ್ಬರ ಎಂಜಲು ಒಬ್ಬರು ಕುಡಿದದ್ದು ಸಣ್ಣ ಮಾತಲ್ಲ. ಹಿಂದಿನ ಕುಲ, ಕಸುಬು, ಕರ್ಮ ಎಲ್ಲ ಅಲ್ಲಿಗೆ ಕಳೆದವು ಎಂದು ಗುರು ಸಾರಿದರು. ನಮ್ಮ ಶರಣರು ಲಿಂಗದೀಕ್ಷೆಯಾದ ಮೇಲೆ ಪೂರ್ವಾಶ್ರಯ ಎತ್ತಬಾರದು ಎಂದಿದ್ದರಲ್ಲ, ಅದೇ ಮಾತು. ಐವರ ಹೆಸರಿಗೂ 'ಸಿಂಗ್' ಸೇರಿತು. ಸಿಂಗ್ ಎಂದರೆ ಸಿಂಹ.

ಆಮೇಲೆ ನಡೆದದ್ದು ಇನ್ನೂ ದೊಡ್ಡದು. ಗುರು ಆ ಐವರ ಮುಂದೆ ಮಂಡಿಯೂರಿ, ನೀವು ಈಗ ನನಗೆ ಅಮೃತ ಕೊಡಿ ಎಂದು ಬೇಡಿದರು. ಕೊಟ್ಟರು. ಗೋವಿಂದ ರಾಯ್ ಗೋವಿಂದ ಸಿಂಗ್ ಆದರು. ಬೀದರಿನ ಕ್ಷೌರಿಕನ ಮಗನ ಮುಂದೆ ಒಬ್ಬ ಗುರು ಬಾಗಿದ ದಿನವದು. ಅದಕ್ಕೂ ಮೊದಲು ಸಾಹಿಬರ ಕುಲದವರ ಮುಂದೆ ಬಾಗುತ್ತಿದ್ದ ತಲೆಗಳೆಲ್ಲ ಕ್ಷೌರಕ್ಕೆ ಬಾಗಿದವು.

ಹೀಗೆ ಅಮೃತ ಪಡೆದವರ ಬಳಗವೇ ಖಾಲ್ಸಾ. ಅದನ್ನು ಸೇರಿದವರು ಕೂದಲು ತೆಗೆಸಬಾರದು. ಈ ನಿಯಮ ಉಳಿದ ನಾಲ್ವರಿಗೆ ಒಂದು ವ್ರತ. ಸಾಹಿಬ್ ಸಿಂಗರಿಗೆ ಅದು ಕುಲದ ಕತ್ತಿಯನ್ನೇ ಕೆಳಗಿಟ್ಟಂತೆ. ತಲೆಮಾರುಗಳಿಂದ ಪರರ ಕೂದಲು ತೆಗೆದು ಬದುಕಿದ ಮನೆತನದಲ್ಲಿ ಹುಟ್ಟಿ, ತಮ್ಮ ತಲೆಯ ಒಂದು ಕೂದಲನ್ನೂ ತೆಗೆಯದೆ ಅದಕ್ಕೆ ರುಮಾಲು ಸುತ್ತಿದರು. ಆ ಕಾಲದಲ್ಲಿ ರುಮಾಲೆಂದರೆ ಗೌರವದ ಗುರುತು.

ಮತ್ತೊಂದು ಮಾತು. ಸಿಖ್ಖರು ಅವರನ್ನು ಭಾಯಿ ಸಾಹಿಬ್ ಸಿಂಗ್ ಎನ್ನುತ್ತಾರೆ. ಭಾಯಿ ಎಂದರೆ ಅಣ್ಣ. ಕಲ್ಯಾಣದಲ್ಲಿ ಬಸವ ಬಸವಣ್ಣನಾದ, ಅಪ್ಪ ಅಪ್ಪಣ್ಣನಾದ. ಹುಟ್ಟಿನ ನೆಂಟಸ್ತಿಕೆ ಕಳಚಿಕೊಂಡು ಬಂದವರಿಗೆ ಹೊಸ ನೆಂಟಸ್ತಿಕೆ ಕೊಡಬೇಕಾದಾಗ ಎರಡು ನಾಡುಗಳಿಗೂ ಹೊಳೆದದ್ದು ಒಂದೇ ಪದ.

ಆನಂದಪುರದಿಂದ ಚಮಕೌರಿಗೆ

ಸಾಹಿಬ್ ಸಿಂಗ್ ಗುರಿಕಾರರಾಗಿ ಹೆಸರು ಮಾಡಿದರು. ಆನಂದಪುರದ ಒಂದು ಕಾಳಗದಲ್ಲಿ ಗುಜ್ಜರ ಮುಖಂಡ ಜಮಾತುಲ್ಲಾನನ್ನು ಹೊಡೆದುರುಳಿಸಿದ್ದು, ಇನ್ನೊಂದರಲ್ಲಿ ಹಿಂಡೂರಿನ ರಾಜ ಭೂಪ ಚಂದನನ್ನು ಗಾಯಗೊಳಿಸಿದ್ದು ಅವರ ಗುಂಡು ಎಂದು ಪರಂಪರೆ ಹೇಳುತ್ತದೆ. ಗುರಿಯಾದ ಇಬ್ಬರ ಹೆಸರು ನೋಡಿ. ಒಬ್ಬ ಮುಸ್ಲಿಂ, ಒಬ್ಬ ಹಿಂದೂ ರಾಜ. ಎಲ್ಲ ಕುಲದವರನ್ನೂ ಒಂದೇ ಬಟ್ಟಲಿಗೆ ಕರೆದ ಗುರುವನ್ನು ಕಂಡರೆ ಗುಡ್ಡಗಾಡಿನ ರಜಪೂತ ರಾಜರಿಗೂ ಆಗುತ್ತಿರಲಿಲ್ಲ. ಇತ್ತ 1688ರ ಭಂಗಾಣಿ ಕಾಳಗದಲ್ಲಿ ಸಢೌರಾದ ಸೂಫಿ ಪೀರ್ ಬುದ್ಧು ಶಾ ತನ್ನ ಮಕ್ಕಳನ್ನೂ ಶಿಷ್ಯರನ್ನೂ ಕರೆದುಕೊಂಡು ಗುರುವಿನ ಪರ ಹೋರಾಡಿ ಮಕ್ಕಳನ್ನು ಕಳೆದುಕೊಂಡ. ಆ ಯುದ್ಧಗಳನ್ನು ಇಂದು ಒಂದು ಮತ ಇನ್ನೊಂದು ಮತದ ಮೇಲೆ ಮಾಡಿದ ಯುದ್ಧವೆಂದು ಹೇಳುವವರು ಬುದ್ಧು ಶಾನ ಮಕ್ಕಳನ್ನು ಮರೆಯುತ್ತಾರೆ.

ಅದೇ ಆನಂದಪುರದಲ್ಲಿ ಭಾಯಿ ಕನ್ಹಯ್ಯಾ ಇದ್ದರು. ಕಾಳಗದ ಬಯಲಿನಲ್ಲಿ ತೊಗಲಿನ ಚೀಲ ಹೊತ್ತು ಗಾಯಾಳುಗಳಿಗೆ ನೀರು ಕುಡಿಸುವುದು ಅವರ ಸೇವೆ. ಶತ್ರುಗಳಿಗೂ ನೀರು ಕೊಡುತ್ತಾರೆಂದು ಕೆಲವರು ಗುರುವಿನ ಬಳಿ ದೂರಿದರು. ಕನ್ಹಯ್ಯಾ, ನನಗೆ ಎಲ್ಲ ಮುಖಗಳಲ್ಲೂ ನೀವೇ ಕಾಣುತ್ತೀರಿ ಎಂದರು. ಗುರು ಅವರ ಕೈಗೆ ಮುಲಾಮು ಕೊಟ್ಟು, ಗಾಯಕ್ಕೂ ಹಚ್ಚಿ ಎಂದು ಕಳಿಸಿದರಂತೆ. ಬೀದರಿನ ಝರಿಯ ಬಳಿ ನಾನಕರು ಫಕೀರರಿಗೆ ಕೊಟ್ಟ ನೀರೇ ಇಲ್ಲಿ ತೊಗಲಿನ ಚೀಲದಲ್ಲಿ ಹರಿಯುತ್ತಿತ್ತು. ಆ ಕತೆ ಕೇಳಿಕೊಂಡು ಬಂದ ಬೀದರಿನವರು ಅದೇ ಕೋಟೆಯಲ್ಲಿದ್ದರು.

ಕೊನೆಗೆ ಮೊಗಲರೂ ಗುಡ್ಡದ ರಾಜರೂ ಸೇರಿ ಆನಂದಪುರಕ್ಕೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದರು. ಒಳಗೆ ಅನ್ನ ತೀರಿತು. 1704ರ ಡಿಸೆಂಬರಿನಲ್ಲಿ, ಕೆಲವು ಇತಿಹಾಸಕಾರರ ಲೆಕ್ಕದಲ್ಲಿ 1705ರಲ್ಲಿ, ಸುರಕ್ಷಿತವಾಗಿ ಹೋಗಲು ಬಿಡುತ್ತೇವೆಂಬ ಮಾತು ನಂಬಿ ಗುರು ಕೋಟೆ ಬಿಟ್ಟರು. ಮಾತು ಮುರಿಯಿತು. ಚಳಿಗಾಲದ ಪ್ರವಾಹದಲ್ಲಿ ಸರ್ಸಾ ಹೊಳೆ ದಾಟುವಾಗ ಕುಟುಂಬ ಚದುರಿಹೋಯಿತು. ಚಮಕೌರಿನ ಮಣ್ಣಿನ ಗಢಿಯಲ್ಲಿ ಗುರುವಿನೊಂದಿಗೆ ಉಳಿದವರು ಸುಮಾರು ನಲವತ್ತು ಮಂದಿ. ಹೊರಗೆ ದೊಡ್ಡ ಸೈನ್ಯ. ಸಣ್ಣ ಸಣ್ಣ ಗುಂಪಾಗಿ ಹೊರಬಂದು ಹೋರಾಡಿ ಬಿದ್ದರು. ಗುರುವಿನ ಹಿರಿಯ ಮಕ್ಕಳಾದ ಅಜಿತ್ ಸಿಂಗ್, ಜುಝಾರ್ ಸಿಂಗ್ ಬಿದ್ದರು. ಪುರಿಯ ಹಿಮ್ಮತ್ ಸಿಂಗ್, ದ್ವಾರಕೆಯ ಮೊಹಕಂ ಸಿಂಗ್, ಬೀದರಿನ ಸಾಹಿಬ್ ಸಿಂಗ್ ಅಲ್ಲೇ ಬಿದ್ದರು. ಐದು ವರ್ಷದ ಹಿಂದೆ ಡೇರೆಯ ಬಾಗಿಲಲ್ಲಿ ಒಡ್ಡಿದ ತಲೆಯನ್ನು ಅವರು ಈ ಮಣ್ಣಿನ ಗಢಿಯಲ್ಲಿ ಕೊಟ್ಟರು.

ಆ ರಾತ್ರಿ ಉಳಿದ ಸಿಖ್ಖರಲ್ಲಿ ಐವರು ಪಂಜ್ ಪ್ಯಾರೇ ಆಗಿ ಕೂತು, ನೀವು ಇಲ್ಲಿಂದ ಹೊರಡಬೇಕು ಎಂದು ಗುರುವಿಗೇ ಅಪ್ಪಣೆ ಮಾಡಿದರು. ಗುರು ಪಾಲಿಸಿದರು. ಮುಂದೆ ಮಾಛಿವಾಡಾದ ಕಾಡಿನಿಂದ ಅವರನ್ನು ದಾಟಿಸಿದವರು ಗನಿ ಖಾನ್, ನಬಿ ಖಾನ್ ಎಂಬ ಪಠಾಣ ಅಣ್ಣತಮ್ಮಂದಿರು. ಇಂದಿಗೂ ಅಮೃತ ಕೊಡುವಾಗ, ಸಮುದಾಯದ ದೊಡ್ಡ ತೀರ್ಮಾನ ಮಾಡುವಾಗ ಐವರು ಕೂರಲೇಬೇಕು. ಬೀದರಿನವರು ಮೊದಲು ಕೂತ ಆ ಜಾಗ ಮುನ್ನೂರು ವರ್ಷಗಳಿಂದ ಖಾಲಿ ಬಿದ್ದಿಲ್ಲ.

ಪಂಜಾಬಿನ ಮಗಳು ಜನವಾಡದಲ್ಲಿ

ಬೀದರ್ ಕಳಿಸಿದ ಮಗನಿಗೆ ಬದಲಾಗಿ ಪಂಜಾಬು ಒಬ್ಬ ಮಗಳನ್ನು ಕಳಿಸಿತು. ಆನಂದಪುರದ ಮುತ್ತಿಗೆಯಲ್ಲಿ ಹಸಿವು ತಾಳದೆ ನಲವತ್ತು ಮಂದಿ ಗುರುವನ್ನು ಬಿಟ್ಟು ಊರಿಗೆ ಮರಳಿದ್ದರು. ಝಬಾಲಿನ ಮಾಯಿ ಭಾಗೋ ಎಂಬ ಹೆಣ್ಣುಮಗಳು ಅವರಿಗೆ ಛೀಮಾರಿ ಹಾಕಿ, ತಾನೇ ಗಂಡುಡುಗೆ ತೊಟ್ಟು ಕುದುರೆ ಏರಿ ಅವರನ್ನು ಮರಳಿ ಕರೆತಂದಳು. ಖಿದ್ರಾಣದ ಕೆರೆಯ ಬಳಿ, ಇಂದಿನ ಮುಕ್ತಸರದಲ್ಲಿ, ಅವರೆಲ್ಲ ಹೋರಾಡಿ ಸತ್ತರು. ಗುರು ಅವರ ತಪ್ಪು ಮನ್ನಿಸಿ ಮುಕ್ತರೆಂದು ಕರೆದರು. ಅರದಾಸದಲ್ಲಿ ಬರುವ ನಲವತ್ತು ಮುಕ್ತರು ಇವರೇ.

ಬದುಕುಳಿದ ಮಾಯಿ ಭಾಗೋ ಗುರುವಿನೊಂದಿಗೆ ದಕ್ಷಿಣಕ್ಕೆ ಬಂದರು. 1708ರ ಅಕ್ಟೋಬರ್ 7ರಂದು ಗೋದಾವರಿಯ ದಂಡೆಯ ನಾಂದೇಡದಲ್ಲಿ ಗುರು ಗೋವಿಂದ ಸಿಂಗರು ಕಣ್ಮುಚ್ಚಿದರು. ಮಾಯಿ ಭಾಗೋ ಪಂಜಾಬಿಗೆ ಮರಳಲಿಲ್ಲ. ಬೀದರಿನ ಹತ್ತಿರದ ಜನವಾಡದಲ್ಲಿ ನೆಲೆಸಿ, ಧ್ಯಾನದಲ್ಲಿ ಮುಪ್ಪು ಕಳೆದು ಅಲ್ಲೇ ಮಣ್ಣಾದರು. ಅಲ್ಲಿ ಅವರ ಹೆಸರಿನ ಗುರುದ್ವಾರವಿದೆ. ಅರದಾಸದ ಎರಡು ನೆನಪುಗಳು, ಐವರು ಪ್ರಿಯರು ಮತ್ತು ನಲವತ್ತು ಮುಕ್ತರು, ಬೀದರಿನ ಕೆಂಪು ಮಣ್ಣಿಗೆ ಹೀಗೆ ಅಂಟಿಕೊಂಡಿವೆ.

1832ರ ಸುಮಾರಿಗೆ ನಿಜಾಮನ ದಿವಾನ ಚಂದೂಲಾಲರ ಏರ್ಪಾಟಿನಂತೆ ಮಹಾರಾಜ ರಣಜಿತ್ ಸಿಂಗರು ಪಡೆಯೊಂದನ್ನು ಹೈದರಾಬಾದಿಗೆ ಕಳಿಸಿದರು. ಜನ ಅದನ್ನು ಲಾಹೋರಿ ಫೌಜ್ ಎಂದರು. ಆ ಸಿಪಾಯಿಗಳ ಸಂತತಿಯವರು ಇಲ್ಲೇ ಬೇರೂರಿ ದಖನಿ ಸಿಖ್ಖರಾದರು. ಈಗಿನ ನಾನಕ್ ಝೀರಾ ಗುರುದ್ವಾರದ ಕಟ್ಟಡ ಎದ್ದದ್ದು 1948ರ ಹೊತ್ತಿಗೆ. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಮುಂಚೆ ನಿಜಾಮನ ಪರದ ರಜಾಕಾರರ ಕೈಯಲ್ಲಿ, ನಂತರ ಸೇಡಿನ ಕೈಯಲ್ಲಿ ಬೀದರ್ ಜಿಲ್ಲೆ ರಕ್ತ ಸುರಿಸಿದ ಕಾಲವದು. ಅಂಥ ಹೊತ್ತಿನಲ್ಲಿ ಎಲ್ಲರಿಗೂ ಬಾಗಿಲು ತೆರೆದಿಡುವ ಮನೆಯೊಂದು ಅಲ್ಲಿ ಎದ್ದಿತು. ಝರಿಯ ನೀರು ಅಮೃತಕುಂಡಕ್ಕೆ ಹರಿಯುತ್ತದೆ. ಲಂಗರಿನ ಒಲೆ ಹಗಲು ರಾತ್ರಿ ಉರಿಯುತ್ತದೆ. 1980ರಲ್ಲಿ ಗುರು ನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಸರ್ದಾರ್ ಜೋಗಾ ಸಿಂಗರು ಕಟ್ಟಿ ಬೆಳೆಸಿದ ಈ ಸಂಸ್ಥೆಗೆ ಪಂಜಾಬಿನ ಹುಡುಗರು ಓದಲು ಬಂದರು.

1988ರ ಸೆಪ್ಟೆಂಬರಿನಲ್ಲಿ ಅದೇ ಬೀದರಿನಲ್ಲಿ ಗಲಭೆ ಎದ್ದು, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಕೊಲೆಯಾಯಿತು. ಇದನ್ನು ಮುಚ್ಚಿಟ್ಟು ಸೌಹಾರ್ದದ ಮಾತಾಡುವುದು ಸರಿಯಲ್ಲ. ಸಾಹಿಬ್ ಸಿಂಗರ ಊರು ಸಾಹಿಬ್ ಸಿಂಗರ ಬಂಧುಗಳನ್ನು ಕಾಯಲಿಲ್ಲ. ಆ ನಾಚಿಕೆ ನಮ್ಮದು. ಆದರೂ ಗುರುದ್ವಾರ ಬೀದರನ್ನು ಬಿಟ್ಟು ಹೋಗಲಿಲ್ಲ. ಲಂಗರಿನ ಒಲೆ ಆರಲಿಲ್ಲ. ಊರಿನವರಿಗೆ ಊಟ ನಿಲ್ಲಲಿಲ್ಲ. ಒಂದು ಸಮುದಾಯ ಕಟ್ಟುವುದೆಂದರೆ ಏನೆಂದು ನನಗೆ ತಿಳಿದದ್ದು ಈ ಸಂಗತಿಯಿಂದ.

ಮಸ್ಕಿಯ ಬಂಡೆಯ ಮುಂದೆ

ಸಾಹಿಬ್ ಸಿಂಗರ ಬದುಕು ಹೇಳುವ ಮಾತು ನಮ್ಮ ಸೀಮೆಯ ಕಲ್ಲಿನಲ್ಲೂ ಇದೆ. ಹಟ್ಟಿಯ ನೆಲದಡಿ ಚಿನ್ನವಿದೆ. 1915ರಲ್ಲಿ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯ ಗುಡ್ಡದಲ್ಲಿ ಬರಹವಿದ್ದ ಬಂಡೆ ಸಿಕ್ಕಿತು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಇದ್ದ ಅರಸ ಅಶೋಕನೇ ಎಂದು ಆ ಬಂಡೆ ಹೆಸರು ಹಿಡಿದು ಹೇಳಿತು. ಆದರೆ ಅದರಲ್ಲಿ ಹೆಸರಿಗಿಂತ ದೊಡ್ಡದೊಂದಿದೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು ಎಂದು ಅರಸ ಅಲ್ಲಿ ಹೇಳಿಕೊಳ್ಳುತ್ತಾನೆ. ಈ ದಾರಿ ದೊಡ್ಡವರಿಗೆ ಮಾತ್ರ ಎಂದು ತಿಳಿಯಬೇಡಿ, ಸಣ್ಣವರಿಗೂ ಇದು ಸಾಧ್ಯ ಎಂಬುದು ಅದರ ಸಾರ. ಹಟ್ಟಿಯಿಂದ ಬೀದರಿನ ಕಡೆ ಹೊರಟರೆ ಭೀಮಾ ನದಿಯ ದಂಡೆಯಲ್ಲಿ ಸನ್ನತಿ ಇದೆ. ಅಲ್ಲಿ 1980ರ ದಶಕದಲ್ಲಿ, ಚಂದ್ರಲಾಂಬಾ ಗುಡಿಯ ಆವರಣದ ಕಾಳಿಯ ಗುಡಿ ಕುಸಿದಾಗ, ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನದೇ ಇನ್ನೊಂದು ಶಾಸನ ಕಂಡಿತು. ತನ್ನ ಮತವನ್ನು ಹೊಗಳುವ ಭರದಲ್ಲಿ ಪರರ ಮತವನ್ನು ಹಳಿಯಬೇಡ ಎಂಬ ಹನ್ನೆರಡನೆಯ ಶಾಸನದ ಪಾಠವೂ ಆ ಕಲ್ಲಿನಲ್ಲಿದೆ.

ಹೊಸ ದಾರಿ ಹಿಡಿದ ಅರಸ ಬರೆಸಿದ ಎರಡು ಮಾತುಗಳಿವು. ಸಣ್ಣವರಿಗೂ ಸಾಧ್ಯ. ಪರರನ್ನು ಹಳಿಯಬೇಡ. ಸುಮಾರು ಎರಡು ಸಾವಿರ ವರ್ಷ ಕಳೆದ ಮೇಲೆ ಅದೇ ಸೀಮೆಯ ಕ್ಷೌರಿಕನ ಮಗ, ಆ ಬಂಡೆಯ ಲಿಪಿ ಓದಬಲ್ಲವರು ಯಾರೂ ಇಲ್ಲದ ಕಾಲದಲ್ಲಿ, ಆ ಎರಡೂ ಮಾತಿನಂತೆ ನಡೆದ.

ಮತ ಬದಲಿಸುವುದು ಎಂದರೆ ಇಂದು ನಾವು ಜಗಳಕ್ಕೆ ನಿಲ್ಲುತ್ತೇವೆ. ಸಾಹಿಬ್ ಸಿಂಗ್ ಏನನ್ನು ಬಿಟ್ಟರು ಎಂದು ನೋಡಿದರೆ ಜಗಳಕ್ಕೆ ಜಾಗ ಉಳಿಯದು. ಅವರು ಬಿಟ್ಟದ್ದು ತಮ್ಮವರನ್ನಲ್ಲ, ತಮ್ಮವರನ್ನು ಕೆಳಗಿಟ್ಟ ಮೆಟ್ಟಿಲನ್ನು. ಸೇರಿದ್ದು ಪರರ ಜನಿವಾರಕ್ಕಾಗಿ ತಲೆ ಕೊಟ್ಟವರ, ಶತ್ರುವಿಗೂ ನೀರು ಕುಡಿಸಿದವರ ಮನೆಯನ್ನು.

ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಇಂದಿಗೂ ಪತ್ರಿಕೆಯಲ್ಲಿ ಬರುತ್ತದೆ. ಅಂಗಡಿ ತೆರೆದರೆ ಊರಿನ ಬಲಾಢ್ಯರು ಬಿಡುವುದಿಲ್ಲ, ಮುಚ್ಚಿದರೆ ಹೊಟ್ಟೆಗಿಲ್ಲ ಎಂದು ಕ್ಷೌರಿಕನೂ ನರಳುತ್ತಾನೆ. ಕೂದಲು ಬೆಳೆದ ತಲೆ ಹೊರಗೆ, ಕತ್ತರಿ ಹಿಡಿದ ಕೈ ಒಳಗೆ, ನಡುವೆ ಜಾತಿ. ಅಂಥ ಊರಿನ ಅಂಗಡಿಯ ಗೋಡೆಯಲ್ಲಿ ಹಡಪದ ಅಪ್ಪಣ್ಣನವರ ಪಟದ ಪಕ್ಕ ಭಾಯಿ ಸಾಹಿಬ್ ಸಿಂಗರ ಪಟವೂ ಇರಲಿ. ಅದನ್ನು ನೋಡಿದ ಹುಡುಗನೊಬ್ಬ, ರುಮಾಲು ಸುತ್ತಿದ ಈತ ಯಾರು ಎಂದು ಕೇಳಲಿ. ನಮ್ಮವನೇ ಎಂದು ಅಂಗಡಿಯವನು ಹೇಳಲಿ. ಹೇಳುತ್ತ, ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಲಿ.